ಎರಡು ಅಡಿಯ ಗಾಜಿನ ತೊಟ್ಟಿಯಲ್ಲಿ ಮೀನು ಮತ್ತು ಜೀವಂತ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಮರಳು, ಕಲ್ಲು ಮತ್ತು ಮೇಲೆ ಬಿಡುವ ಜಾಗವನ್ನು ಕಳೆದರೆ ಉಳಿಯುವುದು 45 ಲೀಟರಿನ ಆಸುಪಾಸು. ಉಷ್ಣವಲಯದ ಸಣ್ಣ ಮೀನುಗಳನ್ನೂ ನಿಜವಾದ ಜಲಸಸ್ಯಗಳನ್ನೂ ಇಷ್ಟು ನೀರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿ ಇಟ್ಟುಕೊಳ್ಳಲು ಸಾಧ್ಯವಿದೆ. ಆದರೆ ನೀರು ಕಡಿಮೆಯಾದಷ್ಟೂ ತಪ್ಪಿಗೆ ಅವಕಾಶ ಕಡಿಮೆ. ಕೆಳಗಿನ ಉತ್ತರಗಳನ್ನೆಲ್ಲ ಈ ಅಳತೆಯ ತೊಟ್ಟಿಯನ್ನೂ, ಕರ್ನಾಟಕದ ಬೇರೆ ಬೇರೆ ಊರುಗಳ ನೀರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ತೊಟ್ಟಿ ತಂದ ದಿನವೇ ಮೀನು ಬಿಡಬಹುದೆ?

ಬಿಡಬಾರದು. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಮಲವೂ ಕೊಳೆತಾಗ ಅದೇ ಅಮೋನಿಯ ಹುಟ್ಟುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಅಲ್ಲಿಯೇ ಉಳಿದು ಮೀನಿನ ಕಿವಿರನ್ನು ಸುಡುತ್ತದೆ. ಹಳೆಯ ತೊಟ್ಟಿಯಲ್ಲಿ ಹೀಗಾಗದಿರಲು ಕಾರಣ ಅಲ್ಲಿ ನೆಲೆಸಿರುವ ಎರಡು ಬಗೆಯ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತಕ್ಕೆ ಸೇರಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನೈಟ್ರೇಟ್ ಮಾತ್ರ ಸಾಧಾರಣ ಪ್ರಮಾಣದಲ್ಲಿದ್ದರೆ ಮೀನಿಗೆ ಹೆಚ್ಚು ತೊಂದರೆ ಕೊಡದೆ ಗಿಡಗಳಿಗೆ ಗೊಬ್ಬರವಾಗುತ್ತದೆ.

ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಮರಳು, ಕಲ್ಲು, ಎಲೆ ಹೀಗೆ ಎಲ್ಲ ಮೇಲ್ಮೈಗಳ ಮೇಲೂ ಅಂಟಿಕೊಂಡು ಬೆಳೆಯುತ್ತವೆ, ಆದರೆ ಬಹಳ ನಿಧಾನವಾಗಿ. ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿಗೆ ನೀರು ತುಂಬಿ, ಗಿಡ ನೆಟ್ಟು, ಫಿಲ್ಟರ್ ಓಡಿಸಿ, ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತಿರಬೇಕು. ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಾಗಳಿಗೆ ಆಹಾರ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಒಂದು ವಾರ ಕಾಲ ಸೊನ್ನೆಯಾಗಿ ಕಂಡ ಮೇಲೆ ಮೀನು ತರಬಹುದು. ಪರಿಚಯದವರ ಬಳಿ ಆರೋಗ್ಯವಾದ ಹಳೆಯ ತೊಟ್ಟಿ ಇದ್ದರೆ, ಅವರ ಫಿಲ್ಟರಿನ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕುವ ಕೆಲಸವನ್ನೇ ಅದು ಮಾಡುತ್ತದೆ, ಕಾಯುವ ದಿನಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ.

ಗಿಡಗಳು ತುಂಬಾ ಇದ್ದರೆ ಇಷ್ಟು ಕಾಯಬೇಕೆ?

ಜಲಸಸ್ಯಗಳು ಅಮೋನಿಯವನ್ನು ನೇರವಾಗಿಯೇ ಹೀರಿಕೊಳ್ಳುತ್ತವೆ; ಎಷ್ಟೋ ಗಿಡಗಳು ನೈಟ್ರೇಟಿಗಿಂತ ಮೊದಲು ಅದನ್ನೇ ಬಯಸುತ್ತವೆ. ಆದ್ದರಿಂದ ವೇಗವಾಗಿ ಬೆಳೆಯುವ ಗಿಡಗಳನ್ನು ಮೊದಲ ದಿನದಿಂದಲೇ ದಟ್ಟವಾಗಿ ನೆಟ್ಟರೆ ತೊಟ್ಟಿ ಬಹಳ ಬೇಗ ಸುರಕ್ಷಿತವಾಗುತ್ತದೆ. ಆದರೂ ಗಿಡಗಳು ಹೊಸ ಬೇರು ಬಿಟ್ಟು ಹೊಸ ಎಲೆ ತೆಗೆದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮೀನು ತನ್ನಿ, ಮೊದಲಿಗೆ ಮೂರು ನಾಲ್ಕು ಮಾತ್ರ.

ಕಾವೇರಿ ನೀರು, ಬೋರ್‌ವೆಲ್ ನೀರು, ಆರ್‌ಒ ನೀರು: ಯಾವುದು ಒಳ್ಳೆಯದು?

ಇದಕ್ಕೆ ಊರಿಗೊಂದು ಉತ್ತರವಿದೆ. ಮೀನಿನ ಮಟ್ಟಿಗೆ ನೀರಿನಲ್ಲಿ ಮುಖ್ಯವಾದ ಸಂಗತಿಗಳು ಕ್ಲೋರಿನ್, ಗಡಸುತನ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ; 7 ಎಂದರೆ ನಡುಮಟ್ಟ).

ಬೆಂಗಳೂರಿಗೆ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕಳುಹಿಸುವ ಕಾವೇರಿ ನೀರಾಗಲಿ, ಇತರ ಊರುಗಳ ನಗರಸಭೆಯ ನಲ್ಲಿ ನೀರಾಗಲಿ, ಕ್ಲೋರಿನ್ ಬೆರೆತೇ ಬರುತ್ತದೆ. ಅದು ಮನುಷ್ಯರನ್ನು ರೋಗದಿಂದ ಕಾಪಾಡುತ್ತದೆ. ಆದರೆ ಮೀನಿನ ಕಿವಿರನ್ನೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಹಾಳುಮಾಡುತ್ತದೆ. ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ತುಂಬಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ, ಏರ್ ಪಂಪಿನ ಕಲ್ಲು ಹಾಕಿಟ್ಟರೆ ಇನ್ನೂ ಬೇಗ. ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ದ್ರಾವಣದಲ್ಲಿರುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಅದು ಕೆಲವೇ ಕ್ಷಣಗಳಲ್ಲಿ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸುತ್ತದೆ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಬಯಲುಸೀಮೆಯ ಬಹುತೇಕ ಕಡೆ ಅದು ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುತ್ತಿದ್ದರೆ, ಸೋಪಿಗೆ ನೊರೆ ಬಾರದಿದ್ದರೆ, ಎಷ್ಟು ಕುದಿಸಿದರೂ ಬೇಳೆ ಬೇಯದಿದ್ದರೆ ನಿಮ್ಮ ನೀರು ಗಡಸೆಂದು ಯಾವ ಕಿಟ್ ಇಲ್ಲದೆಯೂ ಹೇಳಬಹುದು. ಅಂಥ ನೀರಿನಲ್ಲಿ ಗಪ್ಪಿ, ಮಾಲಿ, ಪ್ಲಾಟಿ ಮೀನುಗಳು ಸಂತೋಷವಾಗಿರುತ್ತವೆ, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಚೆನ್ನಾಗಿ ಬೆಳೆಯುತ್ತದೆ. ಇನ್ನೊಂದು ಸಂಗತಿ: ಭೂಮಿಯ ಆಳದಿಂದ ಆಗತಾನೆ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು, ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಆದ್ದರಿಂದ ಅದನ್ನೂ ಒಂದು ರಾತ್ರಿ ಗಾಳಿಯಾಡಿಸಿದ ಮೇಲೆಯೇ ಬಳಸಿ.

ಕರಾವಳಿ ಮತ್ತು ಮಲೆನಾಡಿನ ಬಾವಿಗಳಲ್ಲಿ ಸಾಮಾನ್ಯವಾಗಿ ನೀರು ಬಲು ಮೆದು. ಟೆಟ್ರಾ, ರಾಸ್ಬೋರಾ ಮೀನುಗಳಿಗೆ ಅದು ಹಿತಕರ. ಮಾಲಿಯಂಥ ಮೀನು ಅಲ್ಲಿ ಸೊರಗುತ್ತದೆ. ಮೆದು ನೀರಿಗೆ ಆಮ್ಲತೆಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆಯಾದ್ದರಿಂದ ಪಿಎಚ್ ಇದ್ದಕ್ಕಿದ್ದಂತೆ ಕುಸಿಯದಂತೆ ಒಂದು ಸಣ್ಣ ಬಟ್ಟೆಯ ಚೀಲದಲ್ಲಿ ಕಪ್ಪೆಚಿಪ್ಪಿನ ಚೂರುಗಳನ್ನು ಕಟ್ಟಿ ಫಿಲ್ಟರಿನ ಬಳಿ ಇಡುವುದು ಒಳ್ಳೆಯದು.

ಆರ್‌ಒ ನೀರನ್ನು ಒಂದನ್ನೇ ತುಂಬಬೇಡಿ. ಅದರಲ್ಲಿ ಖನಿಜಗಳು ಇಲ್ಲವೆಂಬಷ್ಟು ಕಡಿಮೆ; ಮೀನಿಗೂ ಗಿಡಕ್ಕೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕೇ ಬೇಕು. ಬೋರ್‌ವೆಲ್ ನೀರು ಅತಿ ಗಡಸಾಗಿದ್ದರೆ ಅದಕ್ಕೆ ಅರ್ಧದಷ್ಟು ಆರ್‌ಒ ನೀರು ಬೆರೆಸುವುದು ಸರಿಯಾದ ಬಳಕೆ. ಆರ್‌ಒ ಯಂತ್ರದ ಪಕ್ಕದ ಕೊಳವೆಯಿಂದ ಹರಿದುಹೋಗುವ ನೀರಿನಲ್ಲಿ ಲವಣಗಳು ಇನ್ನಷ್ಟು ಸಾಂದ್ರವಾಗಿರುವುದರಿಂದ ಅದು ತೊಟ್ಟಿಗೆ ಯೋಗ್ಯವಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟನರ್ ಮೂಲಕ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಹೋಗಿ ಅದರ ಜಾಗಕ್ಕೆ ಸೋಡಿಯಂ ಬಂದಿರುತ್ತದೆ; ಗಿಡಗಳಿಗೆ ಅದು ಹಿಡಿಸುವುದಿಲ್ಲ.

ನೀರನ್ನು ರಾಸಾಯನಿಕಗಳಿಂದ ತಿದ್ದುವುದಕ್ಕಿಂತ ಮನೆಗೆ ಬರುವ ನೀರಿಗೆ ಒಗ್ಗುವ ಮೀನನ್ನೇ ಆರಿಸಿಕೊಳ್ಳುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಎಚ್ 7.8 ಇರುವ ಸ್ಥಿರವಾದ ನೀರಿನಲ್ಲಿ ಬದುಕುವ ಮೀನು, ದಿನಕ್ಕೊಂದು ಪಿಎಚ್ ಇರುವ ನೀರಿನಲ್ಲಿ ಬದುಕುವುದಿಲ್ಲ. ಪಿಎಚ್ ಮೇಲಿರುವ ನೀರಿನಲ್ಲಿ ಎಚ್ಚರವಿರಬೇಕಾದ ಕಾರಣ ಒಂದಿದೆ: ಅಮೋನಿಯದ ವಿಷಕಾರಿ ರೂಪವು ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು.

ತಿಂಗಳಿಗೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತೊಳೆದರೆ ಸಾಲದೆ?

ನಾನು ಮೊದಲ ವರ್ಷ ಹೀಗೆಯೇ ಮಾಡುತ್ತಿದ್ದೆ. ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಮರಳನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವವರೆಗೆ ಉಜ್ಜಿ, ಸ್ಪಂಜನ್ನು ಹಿಂಡಿ ಹಿಂಡಿ ತೊಳೆದು, ಹೊಸ ನೀರು ತುಂಬುತ್ತಿದ್ದೆ. ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಬುಧವಾರದ ಹೊತ್ತಿಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಒಂದು ಸಲ ಏಳು ನಿಯಾನ್ ಟೆಟ್ರಾಗಳು ಒಂದೇ ವಾರದಲ್ಲಿ ಹೋದವು. ನಾನು ತೊಳೆದು ಚೆಲ್ಲುತ್ತಿದ್ದುದು ಅವುಗಳನ್ನು ಕಾಯುತ್ತಿದ್ದ ಬ್ಯಾಕ್ಟೀರಿಯಾಗಳನ್ನೇ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಆ ಏಳು ಮೀನುಗಳ ಬಗ್ಗೆ ನನಗೆ ಇಂದಿಗೂ ನೋವಿದೆ.

ಸರಿಯಾದ ಕ್ರಮ ಹೀಗಿದೆ. ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ಅಥವಾ ನಾಲ್ಕರಲ್ಲಿ ಒಂದು ಪಾಲು ನೀರನ್ನು ಕೊಳವೆಯಿಂದ ಹೊರತೆಗೆಯಬೇಕು. ಎರಡು ಅಡಿಯ ತೊಟ್ಟಿಗೆ ಅದು ಹತ್ತು ಲೀಟರಿನ ಒಂದು ಬಕೆಟ್ ಮಾತ್ರ. ಗಿಡಗಳಿಲ್ಲದ ಜಾಗದ ಮರಳಿನ ಮೇಲೆ ಕೊಳವೆಯ ತುದಿಯನ್ನು ಆಡಿಸಿದರೆ ಕಸ ಅದರ ಜೊತೆಗೇ ಬರುತ್ತದೆ. ಫಿಲ್ಟರಿನ ಹರಿವು ಕುಗ್ಗಿದಾಗ ಮಾತ್ರ ಸ್ಪಂಜನ್ನು ಹೀಗೆ ಹೊರತೆಗೆದ ನೀರಿನಲ್ಲಿಯೇ ಒಂದೆರಡು ಬಾರಿ ಅದುಮಿ ಮತ್ತೆ ಹಾಕಬೇಕು. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು. ನೀರಿಗೆ ಕೈ ಹಾಕುವ ಮೊದಲು ಹೀಟರ್ ಮತ್ತು ಫಿಲ್ಟರ್ ಎರಡರ ಪ್ಲಗ್ ತೆಗೆಯಿರಿ. ಹೊರತೆಗೆದ ನೀರನ್ನು ಚರಂಡಿಗೆ ಸುರಿಯಬೇಡಿ, ತುಳಸಿಗೂ ಹೂಕುಂಡಗಳಿಗೂ ಅದರಲ್ಲಿ ಸಾರಜನಕವಿದೆ.

ಎಷ್ಟು ಮೀನು, ಯಾವ ಮೀನು?

ಇಷ್ಟು ನೀರಿಗೆ ಬೆಳೆದಾಗಲೂ ನಾಲ್ಕೈದು ಸೆಂಟಿಮೀಟರ್ ಮೀರದ ಹತ್ತು ಹನ್ನೆರಡು ಮೀನುಗಳು ಸಾಕು. ಅಂಗಡಿಯಲ್ಲಿ ಕಾಣುವ ಗಾತ್ರ ಮರಿಯದ್ದು ಎಂಬುದನ್ನು ಮರೆಯಬಾರದು. ಗಾಜಿನ ಪಾಚಿ ತಿನ್ನುತ್ತದೆಂದು ಕೊಡುವ ಸಕ್ಕರ್ ಮೀನು ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ, ಏಂಜೆಲ್ ಮೀನಿನ ರೆಕ್ಕೆಗಳಿಗೆ ಒಂದು ಅಡಿ ಎತ್ತರದ ನೀರು ಸಾಲದು, ಟೈಗರ್ ಬಾರ್ಬ್ ಉದ್ದ ರೆಕ್ಕೆಯ ಮೀನುಗಳನ್ನು ಕಚ್ಚುತ್ತದೆ.

ನಿಯಾನ್ ಟೆಟ್ರಾ, ಎಂಬರ್ ಟೆಟ್ರಾ, ಹಾರ್ಲಿಕ್ವಿನ್ ರಾಸ್ಬೋರಾ, ಚೆರ್ರಿ ಬಾರ್ಬ್ ಇವೆಲ್ಲ ಗುಂಪಿನಲ್ಲಿ ಬದುಕುವ ಮೀನುಗಳು. ಆರಕ್ಕಿಂತ ಕಡಿಮೆ ಇಟ್ಟರೆ ಅವು ಹೆದರಿ ಬಣ್ಣ ಕಳೆದುಕೊಂಡು ಗಿಡದ ಹಿಂದೆ ಅವಿತುಕೊಳ್ಳುತ್ತವೆ. ಆದ್ದರಿಂದ ಬಗೆಗೆ ಎರಡರಂತೆ ಆರು ಬಗೆಯ ಮೀನುಗಳನ್ನು ತರುವ ಬದಲು ಒಂದೇ ಬಗೆಯ ಎಂಟು ಮೀನುಗಳನ್ನೂ, ಜೊತೆಗೆ ಒಂದು ಜೋಡಿ ಹನಿ ಗೌರಾಮಿಯನ್ನೂ ಇಡುವುದು ಮೀನಿಗೂ ನೋಡುವವರಿಗೂ ಹಿತ. ಹನಿ ಗೌರಾಮಿ ಭಾರತ ಮತ್ತು ಬಾಂಗ್ಲಾದೇಶದ ನಿಂತ ನೀರಿನ ಮೀನು. ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಅದಕ್ಕಿದೆ. ಗಪ್ಪಿಗಳನ್ನು ಸಾಕುವವರು ಗಂಡುಗಳನ್ನಷ್ಟೇ ತರುವುದು ಜಾಣತನ, ಏಕೆಂದರೆ ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ಗಂಡಿನ ಸಹವಾಸವಿಲ್ಲದೆಯೂ ಹಲವು ಸಲ ಮರಿ ಹಾಕಬಲ್ಲದು.

ಮೊದಲ ಬಾರಿಗೆ ಸಾಕುವವರಿಗೆ ನಾನು ಹೇಳುವ ಮೀನು ಜೀಬ್ರಾ ಡ್ಯಾನಿಯೊ. ನಮ್ಮ ಉಪಖಂಡದ ಹೊಳೆ, ಗದ್ದೆ ಕಾಲುವೆಗಳ ಈ ಪಟ್ಟೆ ಮೀನು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ; ಚಳಿ ಸೆಕೆ ಎರಡನ್ನೂ ತಡೆಯುತ್ತದೆ.

ಗೋಲ್ಡ್ ಫಿಶ್ ಜೊತೆಗಿಡಬಹುದೆ?

ಇಡಬಾರದು. ಅದು ತಂಪು ನೀರಿನ ಮೀನು, ದೊಡ್ಡದಾಗಿ ಬೆಳೆಯುತ್ತದೆ, ಬಹಳ ಗಲೀಜು ಮಾಡುತ್ತದೆ, ಮೃದುವಾದ ಗಿಡಗಳನ್ನು ತಿಂದು ಮುಗಿಸುತ್ತದೆ.

ನಮ್ಮ ಪಶ್ಚಿಮ ಘಟ್ಟದ ಮೀನುಗಳನ್ನು ಸಾಕಬಹುದೆ?

ಕೆಂಪು ಗೆರೆಯ ಡೆನಿಸನ್ ಬಾರ್ಬ್ ಅನ್ನು ನೋಡಿದ ಯಾರಿಗಾದರೂ ಬೇಕೆನಿಸುತ್ತದೆ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಮಾತ್ರ ಇರುವ ಈ ಮೀನಿಗೆ 2013ರಲ್ಲಿ ಸಹ್ಯಾದ್ರಿಯಾ ಎಂಬ ಹೊಸ ಕುಲದ ಹೆಸರು ಬಂದಿತು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದ ಅತಿಯಾಗಿ ಹಿಡಿದದ್ದೂ ಸೇರಿ ಹಲವು ಕಾರಣಗಳಿಂದ ಅದು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿದೆ. ಹದಿನೈದು ಸೆಂಟಿಮೀಟರ್‌ವರೆಗೆ ಬೆಳೆಯುವ, ರಭಸದ ನೀರಿನಲ್ಲಿ ಗುಂಪಾಗಿ ಈಜುವ ಈ ಮೀನಿಗೆ ಎರಡು ಅಡಿಯ ತೊಟ್ಟಿ ಸೆರೆಮನೆಯೇ ಸರಿ. ಘಟ್ಟದ ಹಳ್ಳಗಳಿಂದ ನೀವೇ ಮೀನು ಹಿಡಿದು ತರುವುದನ್ನೂ ದಯವಿಟ್ಟು ಮಾಡಬೇಡಿ.

ಯಾವ ಗಿಡಗಳಿಂದ ಆರಂಭಿಸಬೇಕು?

ವೇಗವಾಗಿ ಬೆಳೆಯುವುದಕ್ಕೆ ಹೈಡ್ರಿಲ್ಲ ಮತ್ತು ವ್ಯಾಲಿಸ್ನೇರಿಯಾ ಸಾಕು. ಎರಡೂ ನಮ್ಮ ಕೆರೆ ಹೊಳೆಗಳಲ್ಲಿಯೇ ಬೆಳೆಯುವ ಗಿಡಗಳು, ಅಂಗಡಿಯಲ್ಲಿ ಬೆಲೆಯೂ ಕಡಿಮೆ. ನಿಧಾನವಾಗಿ ಬೆಳೆದು ಬಹುಕಾಲ ಉಳಿಯುವುದಕ್ಕೆ ಜಾವಾ ಫರ್ನ್ ಮತ್ತು ಆಫ್ರಿಕಾದ ಅನೂಬಿಯಸ್ ಇವೆ. ಈ ಎರಡರಲ್ಲಿಯೂ ಶುಂಠಿಯಂತೆ ಅಡ್ಡ ಮಲಗಿದ ಗೆಡ್ಡೆ ಇರುತ್ತದೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ಹತ್ತಿ ದಾರದಿಂದ ಕಟ್ಟಿ ಬಿಟ್ಟರೆ ಕೆಲವು ವಾರಗಳಲ್ಲಿ ತಾನಾಗಿ ಹಿಡಿದುಕೊಳ್ಳುತ್ತದೆ.

ನನಗೆ ಬಹಳ ಇಷ್ಟವಾದ ಗಿಡ ಕ್ರಿಪ್ಟೊಕೊರಿನ್. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ವೆಂಟೈ ಶ್ರೀಲಂಕಾದ್ದು. ಅದೇ ಕುಲದ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್ ನಮ್ಮ ಘಟ್ಟದ ಹೊಳೆದಂಡೆಗಳಲ್ಲಿವೆ. ಕಡಿಮೆ ಬೆಳಕಿನಲ್ಲಿಯೂ ಬೆಳೆಯುವ ಈ ಗಿಡವನ್ನು ನೆಟ್ಟ ಮೇಲೆ ಕೀಳಬಾರದು, ಜಾಗ ಬದಲಿಸಬಾರದು. ಕೆಂಪೆಲೆಯ ರೊಟಾಲಾ ಮ್ಯಾಕ್ರಾಂಡ್ರಾ ಕೂಡ ನೈರುತ್ಯ ಭಾರತದ್ದೇ. ಆದರೆ ಅದಕ್ಕೆ ಪ್ರಖರ ಬೆಳಕು ಮತ್ತು ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬೇಕಾಗುವುದರಿಂದ ಹೊಸಬರ ಕೈಯಲ್ಲಿ ಉಳಿಯುವುದು ಕಷ್ಟ.

ಹೊಸದಾಗಿ ನೆಟ್ಟ ಗಿಡದ ಎಲೆಗಳು ಕರಗಿಹೋಗುತ್ತಿವೆ. ಗಿಡ ಸತ್ತಿತೆ?

ಬಹುಶಃ ಇಲ್ಲ. ನರ್ಸರಿಗಳಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಗೆಂದು ಬೆಳೆದ ಎಲೆ ನೀರಿನೊಳಗೆ ಕೆಲಸಕ್ಕೆ ಬಾರದೆ ಕರಗುತ್ತದೆ, ಬೇರಿನಿಂದ ನೀರಿಗೆ ತಕ್ಕ ಹೊಸ ಎಲೆ ಬರುತ್ತದೆ. ಕರಗಿದ ಎಲೆಗಳನ್ನು ಕತ್ತರಿಸಿ ತೆಗೆದು ಮೂರು ನಾಲ್ಕು ವಾರ ಕಾಯಿರಿ.

ಪಾಚಿ ಏಕೆ ಬರುತ್ತದೆ?

ಗಿಡಗಳು ಬಳಸಲಾಗದಷ್ಟು ಬೆಳಕು ಇದ್ದಾಗ ಅದನ್ನು ಪಾಚಿ ಬಳಸಿಕೊಳ್ಳುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ತೊಟ್ಟಿ ಇಡಬಾರದು. ಎಲ್ಇಡಿ ದೀಪವನ್ನು ಮೊದಲ ಎರಡು ತಿಂಗಳು ದಿನಕ್ಕೆ ಆರು ಗಂಟೆ, ಅನಂತರ ಹೆಚ್ಚೆಂದರೆ ಎಂಟು ಗಂಟೆ ಉರಿಸಿದರೆ ಸಾಕು. ಟೈಮರ್ ಇದ್ದರೆ ಮರೆಯುವ ಭಯವಿಲ್ಲ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪುಡಿಯಂಥ ಪೊರೆ ತಾನಾಗಿ ಹೋಗುತ್ತದೆ. ಹಸಿರು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸುತ್ತಿ ತೆಗೆಯಿರಿ, ಬೆಳಕು ತಗ್ಗಿಸಿ, ಬೇಗ ಬೆಳೆಯುವ ಗಿಡ ಹೆಚ್ಚಿಸಿ. ಪಾಚಿನಾಶಕದ ಔಷಧಿ ಗಿಡಕ್ಕೂ ಹಾನಿಕರ.

ಗೊಬ್ಬರ ಬೇಕೆ?

ಸಾರಜನಕ ಮತ್ತು ರಂಜಕ ಮೀನಿನ ಆಹಾರದಿಂದಲೇ ಬರುತ್ತವೆ. ಪೊಟ್ಯಾಸಿಯಂ ಮತ್ತು ಕಬ್ಬಿಣ ಮಾತ್ರ ಸಾಲದೆ ಬರುವುದುಂಟು: ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಪೊಟ್ಯಾಸಿಯಂ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ ಕಡಿಮೆಯಾಗಿದೆಯೆಂದು ಶಂಕಿಸಬಹುದು. ಜಲಸಸ್ಯಗಳಿಗೆಂದೇ ಮಾಡಿದ ದ್ರವಗೊಬ್ಬರವನ್ನು ಬಾಟಲಿಯ ಮೇಲೆ ಬರೆದ ಅರ್ಧದಷ್ಟು ಹಾಕಿ. ಹೊಲದ ಯೂರಿಯಾವಾಗಲಿ ಸಗಣಿ ಗೊಬ್ಬರವಾಗಲಿ ತೊಟ್ಟಿಗೆ ಬೇಡ. ಅದರಿಂದ ಹೊರಬರುವ ಅಮೋನಿಯ ಮೀನುಗಳನ್ನು ಒಂದೇ ರಾತ್ರಿಯಲ್ಲಿ ಕೊಲ್ಲಬಲ್ಲದು.

ನಮ್ಮ ಸೆಕೆಯ ಊರಿನಲ್ಲಿ ಹೀಟರ್ ಏಕೆ?

ಮೀನುಗಳಿಗೆ ಬೇಕಾದದ್ದು 24ರಿಂದ 27 ಡಿಗ್ರಿ, ಅದೂ ಏರಿಳಿತವಿಲ್ಲದೆ. ಬೆಂಗಳೂರು, ಮೈಸೂರು, ಕೊಡಗಿನ ಡಿಸೆಂಬರ್ ಜನವರಿ ರಾತ್ರಿಗಳಲ್ಲಿ ಸಣ್ಣ ತೊಟ್ಟಿ 20 ಡಿಗ್ರಿಗಿಂತ ಕೆಳಗಿಳಿಯಬಹುದು. 50 ವಾಟ್‌ನ ಥರ್ಮೋಸ್ಟಾಟ್ ಇರುವ ಹೀಟರ್ ಅಲ್ಲಿ ಅಗತ್ಯ. ಮಂಗಳೂರಿನಲ್ಲಿ ಅದರ ಕೆಲಸ ಅಪರೂಪ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನಿನ ಗಾಳಿ ಬೀಸುವಂತೆ ಮಾಡಿದರೆ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಐಸ್ ಗಡ್ಡೆ ಹಾಕಿ ಥಟ್ಟನೆ ತಣಿಸಬೇಡಿ.

ಕರೆಂಟ್ ಹೋದರೆ ಏನು ಮಾಡಬೇಕು?

ಒಂದೆರಡು ಗಂಟೆಗೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ, ಅದರಲ್ಲಿಯೂ ರಾತ್ರಿಯಾದರೆ, ಎಚ್ಚರ ಬೇಕು: ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟಿರಿ. ಇಲ್ಲದಿದ್ದರೆ ಲೋಟದಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುತ್ತಿರಿ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಕೊಳೆತ ನೀರನ್ನು ಚೆಲ್ಲಿ ಆಮೇಲೆ ಓಡಿಸಿ.

ದಿನಕ್ಕೆ ಎಷ್ಟು ಆಹಾರ? ಊರಿಗೆ ಹೋದಾಗ?

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಬಾರಿ. ಮೀನು ಯಾವಾಗಲೂ ಹಸಿದಂತೆಯೇ ಓಡಿಬರುತ್ತದೆ, ಅದನ್ನು ನಂಬಬೇಡಿ. ಆರೋಗ್ಯವಾದ ದೊಡ್ಡ ಮೀನುಗಳು ನಾಲ್ಕೈದು ದಿನ ಆಹಾರವಿಲ್ಲದೆ ಸುಖವಾಗಿರುತ್ತವೆ. ಹಬ್ಬಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗುವುದಕ್ಕಿಂತ ಏನೂ ಹಾಕದಿರುವುದೇ ಕ್ಷೇಮ. ಪ್ರೀತಿಯಿಂದ ಹಾಕಿದ ಒಂದು ಹಿಡಿ ಆಹಾರದಿಂದ ಇಡೀ ತೊಟ್ಟಿ ಕೆಡುತ್ತದೆ.

ಮೀನಿನ ಮೈಮೇಲೆ ರವೆಯಂಥ ಬಿಳಿ ಚುಕ್ಕೆಗಳಿವೆ. ಏನಿದು?

ಇಕ್ ಎಂದು ಕರೆಯುವ ಪರಾವಲಂಬಿ ಜೀವಿಯ ರೋಗ. ಚರ್ಮದೊಳಗಿರುವ ಚುಕ್ಕೆಗೆ ಔಷಧಿ ತಾಗುವುದಿಲ್ಲ; ಅದು ಕೆಳಗೆ ಬಿದ್ದು, ಒಡೆದು, ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಬಾರದು. ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿದರೆ ಆ ಜೀವಿಯ ಚಕ್ರ ಬೇಗ ಸುತ್ತಿ ಔಷಧಿಗೆ ಸಿಗುತ್ತದೆ; ಜೊತೆಗೆ ಏರ್ ಪಂಪ್ ಇರಲೇಬೇಕು. ಉಪ್ಪು ಮತ್ತು ಮಿಥಿಲೀನ್ ಬ್ಲೂ ಎಂಬ ಔಷಧಿ ಗಿಡಗಳಿಗೆ ಒಗ್ಗುವುದಿಲ್ಲ, ಅವನ್ನು ಬೇರೆ ಬಕೆಟ್ಟಿನಲ್ಲಿ ಬಳಸಿ. ಹೊಸ ಮೀನುಗಳನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಿದ ಮೇಲೆ ತೊಟ್ಟಿಗೆ ಬಿಡುವ ಅಭ್ಯಾಸವಿದ್ದರೆ ಈ ರೋಗ ಬರುವುದೇ ವಿರಳ.

ಮೀನು ಸತ್ತರೆ ಮನೆಯ ಕಂಟಕ ಕಳೆಯಿತು ಎನ್ನುತ್ತಾರಲ್ಲ?

ಹಿರಿಯರು ಸಮಾಧಾನಕ್ಕೆ ಹೇಳುವ ಮಾತಿದು, ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಹಾಗೆಂದು ಸುಮ್ಮನಾದರೆ ನೀರಿನಲ್ಲಿ ಆದ ತೊಂದರೆ ಹಾಗೆಯೇ ಉಳಿದು ಮರುದಿನ ಇನ್ನೊಂದು ಮೀನು ಹೋಗುತ್ತದೆ. ಮೀನು ಸತ್ತ ದಿನ ಮೊದಲು ಅಮೋನಿಯ, ನೈಟ್ರೈಟ್ ಪರೀಕ್ಷಿಸಿ, ಶಾಖ ನೋಡಿ, ಸತ್ತ ಮೀನನ್ನು ತೆಗೆದು ಕಾಲು ಭಾಗ ನೀರು ಬದಲಾಯಿಸಿ.

ಹೆಚ್ಚಾದ ಮೀನನ್ನು ಕೆರೆಗೆ ಬಿಡಬಹುದೆ?

ಎಂದಿಗೂ ಬಿಡಬಾರದು. ತೊಟ್ಟಿಗೆ ದೊಡ್ಡದಾಯಿತೆಂದು ಜನರು ಬಿಟ್ಟ ಸಕ್ಕರ್ ಮೀನು ಇಂದು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಅದನ್ನು ಕೊಳ್ಳುವವರಿಲ್ಲ, ತಿನ್ನುವವರೂ ಇಲ್ಲ. ಗಿಡಗಳೂ ಹಾಗೆಯೇ: ದಕ್ಷಿಣ ಅಮೆರಿಕದಿಂದ ಬಂದ ತೇಲುವ ಸಾಲ್ವಿನಿಯಾ ಕೆರೆಯ ಮೇಲೆ ಚಾಪೆಯಂತೆ ಹರಡಿ ಕೆಳಗಿನ ಜೀವಿಗಳ ಬೆಳಕನ್ನು ಕಿತ್ತುಕೊಳ್ಳುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಿ. ಕತ್ತರಿಸಿದ ಗಿಡಗಳನ್ನು ಚರಂಡಿಗೆ ಹಾಕದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಪುಡಿ ಮಾಡಿ ಹೂಕುಂಡದ ಮಣ್ಣಿಗೆ ಬೆರೆಸಿ.